ಅಳೆದ ಪಾವಿನಲ್ಲೇ

ಅಂಗಡಿಯೊಳಗೆ ಕಾಲಿಡುವ ಮುಂಚೆ ಅವರು ಬಾಗಿಲಲ್ಲೇ ನಿಂತು ಅವತ್ತಿನ ಪೇಪರ್ ಬಿಡಿಸಿ ಬಿಸಿಲಿಗೆ ಹಿಡಿಯುತ್ತಿದ್ದರು. ಸುದ್ದಿ ಓದುವುದಕ್ಕಲ್ಲ. ಮುಖಪುಟದ ಜಾಹೀರಾತಿನ ಹುಡುಗಿಯ ಕೆನ್ನೆ ನೋಡಿ, ಇವತ್ತು ಕೆಂಪು ಜಾಸ್ತಿ ಬಿಟ್ಟಿದ್ದಾನೆ, ಪಾಪ ಇವಳಿಗೆ ಜ್ವರ ಎಂದೋ, ಹಳದಿ ಹೆಚ್ಚಾಗಿದೆ, ಕಾಮಾಲೆ ಎಂದೋ ಹೇಳಿ, ಪೇಪರ್ ಮಡಚಿ ಕಂಕುಳಲ್ಲಿಟ್ಟುಕೊಂಡು ಒಳಗೆ ಬರುತ್ತಿದ್ದರು. ಈಗ ಅವರಿಲ್ಲ. ಪೇಪರ್ ದಿನಾ ಬರುತ್ತದೆ, ಯಾರಿಗೆ ಏನು ಕಾಯಿಲೆ ಎಂದು ಹೇಳುವವರು ಮಾತ್ರ ಇಲ್ಲ.

ಅವರ ಹೆಸರು ಬರೆಯುವುದಿಲ್ಲ. ಮೂವತ್ತೈದು ವರ್ಷ ಆಫ್‌ಸೆಟ್ ಪ್ರೆಸ್ಸಿನಲ್ಲಿ ಬಣ್ಣ ನೋಡಿಕೊಂಡಿದ್ದವರು. ಪುಸ್ತಕದಲ್ಲಿ ಪ್ರೆಸ್ಸಿನ ಹೆಸರು ಬರುತ್ತೆ, ಬಣ್ಣ ನೋಡಿದವನದ್ದು ಬರಲ್ಲ, ಅದೇ ಸರಿ ಎಂದು ಅವರೇ ಹೇಳುತ್ತಿದ್ದರು. ನಾನು ಅವರನ್ನು ಕರೆಯುತ್ತಿದ್ದುದು ಕಲರ್ ಸಾರ್ ಎಂದು. ನನ್ನನ್ನು ಅವರು ಮೇಡಂ ಎನ್ನುತ್ತಿದ್ದರು, ಕೋಪ ಬಂದಾಗಲೂ ಮೇಡಂ, ನಗು ಬಂದಾಗಲೂ ಮೇಡಂ.

ನನ್ನದು ಜೆ.ಪಿ. ನಗರದ ಒಂದು ಅಡ್ಡರಸ್ತೆಯಲ್ಲಿ ಫೋಟೊ, ಚಿತ್ರಕಲೆ ಪ್ರಿಂಟ್ ಮಾಡಿಕೊಡುವ ಸಣ್ಣ ಅಂಗಡಿ. ದೊಡ್ಡ ಪ್ರಿಂಟರ್ ಎರಡು, ಕಂಪ್ಯೂಟರ್ ಒಂದು, ಬೈಗುಳ ತಿನ್ನುವುದಕ್ಕೂ ಬೈಯುವುದಕ್ಕೂ ನಾನೊಬ್ಬಳು. ನನಗೆ ಒರೆಸುವ ಚಟ. ಗಾಜು, ಮೇಜು, ಗಿರಾಕಿ ಮೊಣಕೈ ಊರಿದ ಕೌಂಟರು, ಯಾವುದನ್ನೂ ಬಿಡುವವಳಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಹಾಗೆ. ಇದನ್ನು ಈಗಲೇ ಹೇಳಿಬಿಡುವುದಕ್ಕೆ ಕಾರಣವಿದೆ.

ಅವರು ಮೊದಲ ಸಲ ಬಂದದ್ದೇ ಜಗಳಕ್ಕೆ. ಕಲಾವಿದರೊಬ್ಬರಿಗೆ ಪ್ರಿಂಟ್ ಮಾಡಿದ ಒಂದು ಹೊಂಗೆಮರವನ್ನು ನಾನು ಗಾಜಿನ ಹಿಂದೆ ತೂಗುಹಾಕಿದ್ದೆ. ಯಾರೋ ಹಿರಿಯರು ಒಳಗೆ ಬಂದು, ಈ ಮರ ಪ್ಲಾಸ್ಟಿಕ್‌ದಾ ಎಂದು ಕೇಳಿದರು. ನನಗೆ ಉರಿದುಹೋಯಿತು. ಪ್ರಿಂಟ್ ಬೇಕಿದ್ದರೆ ಹೇಳಿ, ಇಲ್ಲದಿದ್ದರೆ ದಾರಿ ಆ ಕಡೆ ಇದೆ ಎಂದೆ. ಮರುದಿನ ಅವರು ಒಂದು ಹೊಂಗೆ ಎಲೆ ತಂದು ಕೌಂಟರ್ ಮೇಲಿಟ್ಟು ಹೊರಟುಹೋದರು. ಎಲೆಯನ್ನು ಪ್ರಿಂಟಿನ ಪಕ್ಕ ಹಿಡಿದು ನೋಡಿದೆ. ನನ್ನ ಹೊಂಗೆ ಪ್ಲಾಸ್ಟಿಕ್ಕೇ ಆಗಿತ್ತು.

ಅಲ್ಲಿಂದ ಅವರು ವಾರಕ್ಕೆ ಎರಡು ಮೂರು ಸಲ ಬರತೊಡಗಿದರು. ಮನೆ ತ್ಯಾಗರಾಜನಗರದಲ್ಲಿ, ಮಗಳ ಜೊತೆ. ಬರುವುದು ಬಸ್ಸಿನಲ್ಲಿ. ತುಂಬುತೋಳಿನ ಶರಟು, ಕೈಗುಂಡಿ ಸದಾ ಹಾಕಿದ್ದು. ಕಾಫಿ ಕೊಟ್ಟರೆ ಲೋಟವನ್ನು ಕಿಟಕಿಯ ಹತ್ತಿರ ಒಯ್ದು ಬಣ್ಣ ನೋಡಿಯೇ ಕುಡಿಯುತ್ತಿದ್ದರು. ಒಂದು ಸಲ ನಮ್ಮಕ್ಕನ ಮಗಳ ಮದುವೆ ಸೀರೆಗೆಂದು ಅವರನ್ನು ಜಯನಗರ ನಾಲ್ಕನೇ ಬ್ಲಾಕಿಗೆ ಕರೆದುಕೊಂಡು ಹೋಗಿದ್ದೆ. ಅಂಗಡಿಯವನು ಒಂದು ಸೀರೆ ಬಿಡಿಸಿ ಬ್ರೌನ್ ಸಾರ್ ಎಂದ. ಇವರು, ಬ್ರೌನ್ ಅನ್ನೋದು ಬಣ್ಣ ಅಲ್ಲಪ್ಪ, ಸೋಮಾರಿತನ ಎಂದರು. ಹುಣಸೆಹಣ್ಣು ಅನ್ನು, ಕಾಚು ಅನ್ನು, ಬೆಲ್ಲದ ಪಾಕ ಅನ್ನು, ಈರುಳ್ಳಿ ಸಿಪ್ಪೆ ಅನ್ನು, ನಿಮ್ಮಜ್ಜಿ ಏನನ್ನುತ್ತಿದ್ದರೋ ಅದನ್ನು. ಅಷ್ಟಕ್ಕೆ ನಿಲ್ಲಿಸದೆ ಸೀರೆ ಎತ್ತಿಕೊಂಡು ಬಿಸಿಲಿಗೆ ನೋಡುವುದಕ್ಕೆ ಫುಟ್‌ಪಾತಿಗೆ ನಡೆದೇಬಿಟ್ಟರು. ಸೆಕ್ಯೂರಿಟಿಯವನು ಹಿಂದೆ ಓಡಿದ. ನಾನು ನಾಚಿಕೆಯಿಂದ ಸತ್ತೆ.

ನಮ್ಮಿಬ್ಬರ ನಿಜವಾದ ಜಗಳ ಮುಖದ ಬಣ್ಣದ್ದು. ನಮ್ಮ ಗಿರಾಕಿಗಳಲ್ಲಿ ಹತ್ತಕ್ಕೆ ಎಂಟು ಜನ ಫೋಟೊ ಕೊಟ್ಟು ಹೇಳುವ ಮೊದಲ ಮಾತು, ಸ್ವಲ್ಪ ಬೆಳ್ಳಗೆ ಮಾಡಿ. ಮದುಮಗಳಿಗೂ ಅದೇ, ಹಾರ ಹಾಕುವ ಫೋಟೊಗೂ ಅದೇ. ನಾನು ಮಾಡಿಕೊಡುತ್ತಿದ್ದೆ. ಹೊಟ್ಟೆಪಾಡು. ಒಂದು ದಿನ ಒಬ್ಬರು ತೀರಿಕೊಂಡ ತಾಯಿಯ ಫೋಟೊ ತಂದು ಅದೇ ಮಾತು ಹೇಳಿದಾಗ, ಮೂಲೆಯಲ್ಲಿ ಕೂತಿದ್ದ ಇವರು, ನಿಮ್ಮಮ್ಮ ಈಗ ಬಂದು ಈ ಫೋಟೊ ನೋಡಿದರೆ ಇದ್ಯಾರೋ ಎನ್ನುತ್ತಾರಲ್ಲವಾ ಎಂದು ಕೇಳಿಬಿಟ್ಟರು. ಆತ ಫೋಟೊ ಎತ್ತಿಕೊಂಡು ಹೊರಟುಹೋದ. ನಾನು ಕಲರ್ ಸಾರಿಗೆ ಬಾಯಿಗೆ ಬಂದಂತೆ ಅಂದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡು, ಆಮೇಲೆ ನಿಧಾನವಾಗಿ ತಮ್ಮ ಮನೆಯ ವಿಷಯ ಹೇಳಿದರು. ಅದುವರೆಗೆ ಅವರು ಮನೆಯ ಮಾತು ಆಡಿದ್ದೇ ಇಲ್ಲ.

ಹೆಂಡತಿ ಹೋಗಿ ಕೆಲವು ವರ್ಷವಾಗಿತ್ತು. ಹೋದಾಗ ಯಾವುದೋ ಸ್ಟುಡಿಯೋದಲ್ಲಿ ಅವಸರಕ್ಕೆ ಒಂದು ಫೋಟೊ ಮಾಡಿಸಿದ್ದರಂತೆ. ಸ್ಟುಡಿಯೋದವನು ಕೇಳದೆಯೇ ಬೆಳ್ಳಗೆ ಮಾಡಿಕೊಟ್ಟಿದ್ದ.

"ಅವಳು ಎಣ್ಣೆಗೆಂಪು ಮೇಡಂ. ಹುಡುಗಿ ನೋಡೋಕೆ ಹೋದಾಗ ಅವರಪ್ಪ ಮೊದಲು ಹೇಳಿದ್ದೇ ಅದು. ಹುಡುಗಿ ಎಣ್ಣೆಗೆಂಪು, ಮುಚ್ಚುಮರೆ ಏನಿಲ್ಲ ಅಂದ್ರು. ಈಗ ಗೋಡೆ ಮೇಲೆ ಯಾರೋ ಬೆಳ್ಳಗಿರೋ ಹೆಂಗಸು ಕೂತಿದಾಳೆ. ನಾನು ದಿನಾ ಅವಳಿಗೆ ಹೂವು ಮುಡಿಸ್ತಾ ಇದೀನಿ."

ಜೀವನವಿಡೀ ಕ್ಯಾಲೆಂಡರಿನಲ್ಲಿ, ಲಗ್ನಪತ್ರಿಕೆಯಲ್ಲಿ, ಜಾಹೀರಾತಿನಲ್ಲಿ ಬೇರೆಯವರನ್ನು ಬೆಳ್ಳಗೆ ಮಾಡಿದವನು ನಾನು, ಮಾಡಿದ್ದುಣ್ಣೋ ಮಹಾರಾಯ ಎಂದು ನಕ್ಕರು. ಅವರಿಗೆ ಬೇಕಾಗಿದ್ದದ್ದು ಒಂದೇ. ಹೆಂಡತಿಯನ್ನು ಅವಳ ಬಣ್ಣದಲ್ಲೇ ಒಂದು ಸಲ ನೋಡಬೇಕು. ಕಣ್ಣಳತೆಯಲ್ಲಿ ಮಾಡಿಬಿಡೋಣ ಸಾರ್, ನಿಮಗೆ ಗೊತ್ತಿಲ್ಲದ ಬಣ್ಣವಾ ಎಂದೆ. ಅವರು ಕನ್ನಡಕ ತೆಗೆದರು. ಎರಡು ಕಣ್ಣಿಗೂ ಪೊರೆ ಬಂದಿತ್ತು. ಎಲ್ಲದರ ಮೇಲೂ ಕಾಫಿ ಚೆಲ್ಲಿದ ಹಾಗೆ ಕಾಣುತ್ತದೆ, ಇನ್ನು ನನ್ನ ಕಣ್ಣನ್ನು ನಾನು ನಂಬುವುದಿಲ್ಲ ಎಂದರು.

ಮುಂದಿನ ಸಲ ಬಂದಾಗ ಬಟ್ಟೆಯ ಚೀಲದಿಂದ ಒಂದು ಯಂತ್ರವನ್ನೂ ಒಂದು ನೋಟ್‌ಬುಕ್ಕನ್ನೂ ತೆಗೆದಿಟ್ಟರು. ಯಂತ್ರ ಅಂಗೈಯಗಲದ್ದು. ಕಾಗದದ ಮೇಲಿಟ್ಟು ಗುಂಡಿ ಒತ್ತಿದರೆ ಅಲ್ಲಿರುವ ಬಣ್ಣವನ್ನು ಮೂರು ಅಂಕಿಯಲ್ಲಿ ಹೇಳುತ್ತದೆ. ಬೆಳಕೆಷ್ಟು, ಕೆಂಪೆಷ್ಟು, ಹಳದಿಯೆಷ್ಟು. ಅದನ್ನು ಕೂರಿಸುವುದಕ್ಕೊಂದು ಪೀಠ, ಪೀಠದಲ್ಲಿ ಸಣ್ಣದೊಂದು ಬಿಳಿ ಬಿಲ್ಲೆ. ಪ್ರತಿ ಸಲ ಯಂತ್ರ ಮೊದಲು ಆ ಬಿಲ್ಲೆಯನ್ನು ನೋಡಿ, ಬಿಳಿ ಅಂದರೆ ಇದು ಎಂದು ಗೊತ್ತು ಮಾಡಿಕೊಂಡ ಮೇಲೆಯೇ ಮಿಕ್ಕ ಬಣ್ಣ ಅಳೆಯುವುದು. ಪ್ರೆಸ್ಸು ಮುಚ್ಚಿದಾಗ ಹಳೆಯದೆಂದು ಅವರಿಗೇ ಕೊಟ್ಟು ಕಳಿಸಿದ್ದರು. ಆ ವರ್ಷ ಒಂದು ಸಂಜೆ ಅವರು ತಮಾಷೆಗೆ ಅದನ್ನು ಹೆಂಡತಿಯ ಮಣಿಕಟ್ಟಿನ ಮೇಲಿಟ್ಟು ಅಳೆದಿದ್ದರಂತೆ. ನೋಟ್‌ಬುಕ್ಕು ತೆರೆದು ಆ ಮೂರು ಅಂಕಿ ತೋರಿಸಿದರು. ಮೇಲಿನ ಬರಹ ಅವರ ಅಂಗೈಯಡಿ ಇತ್ತು, ಕೆಳಗಿನ ಸಾಲಿನ ಮೇಲೆ ಹೆಬ್ಬೆಟ್ಟಿತ್ತು.

ಏನಂತೆ ನನ್ನ ಬಣ್ಣ ಎಂದು ಅವರಾಕೆ ಕೇಳಿದರಂತೆ. ಎಣ್ಣೆಗೆಂಪು ಅಂತಿದೆ ಎಂದರಂತೆ ಇವರು. ಅಷ್ಟು ಹೇಳೋಕೆ ಮಷೀನ್ ಬೇಕಾ ಎಂದು ಆಕೆ ಒಗ್ಗರಣೆಗೆ ಎದ್ದುಹೋದರಂತೆ.

ಈಗಿನ ತೊಂದರೆ ಏನೆಂದರೆ ಆ ಯಂತ್ರ ಯಾವ ಹೊಸ ಕಂಪ್ಯೂಟರಿಗೂ ಬೇಡವಾಗಿತ್ತು. ಪ್ರಿಂಟರಿನಿಂದ ಸರಿಯಾದ ಬಣ್ಣ ತೆಗೆಯಬೇಕಾದರೆ ಮೊದಲು ಒಂದು ಹಾಳೆಯ ತುಂಬ ಸಾವಿರ ಚಿಲ್ಲರೆ ಬಣ್ಣದ ಚೌಕ ಹೊಡೆದು, ಒಂದೊಂದನ್ನೂ ಅಳೆದು, ಸಾಫ್ಟ್‌ವೇರಿಗೆ ಕೊಡಬೇಕು. ಪ್ರಿಂಟರ್ ಎಲ್ಲೆಲ್ಲಿ ಎಷ್ಟು ತಪ್ಪುತ್ತದೆ ಎಂದು ಅದು ಕಂಡುಕೊಂಡು ತಿದ್ದುವ ಫೈಲ್ ಮಾಡಿಕೊಡುತ್ತದೆ. ಅದಕ್ಕೆ ಪ್ರೊಫೈಲ್ ಎನ್ನುತ್ತೇವೆ. ನನ್ನ ಸಾಫ್ಟ್‌ವೇರು ಇವರ ಯಂತ್ರವನ್ನು ಕಂಡೊಡನೆ, ಈ ಉಪಕರಣಕ್ಕೆ ಬೆಂಬಲವಿಲ್ಲ ಎಂದು ಬಾಗಿಲು ಹಾಕಿಕೊಂಡಿತು. ತಯಾರಿಸಿದ ಕಂಪನಿಗೆ ಬರೆದರೆ, ಆ ಮಾಡೆಲ್ ನಿಂತು ಎಷ್ಟೋ ಕಾಲವಾಯಿತು ಎಂಬ ಉತ್ತರ ಬಂತು. ನಾನು ಸಲೀಸಾಗಿ, ಹೊಸದನ್ನು ಎರಡು ದಿನ ಬಾಡಿಗೆಗೆ ತರೋಣ ಸಾರ್ ಎಂದೆ.

ಆಗ ಅವರು ಪಾವಿನ ಕಥೆ ಹೇಳಿದರು. ಅವರು ಚಿಕ್ಕವರಿದ್ದಾಗ ವಠಾರದಲ್ಲಿ ಪಕ್ಕದ ಮನೆಯವರ ಹತ್ತಿರ ಒಂದು ಪಾವು ಇತ್ತು, ಅಕ್ಕಿ ಸಕ್ಕರೆ ಅಳೆಯುವುದು, ನೆಲಕ್ಕೆ ಬಿದ್ದು ಹೊಟ್ಟೆ ತಗ್ಗಾಗಿತ್ತು. ಅವರಮ್ಮ ಸಕ್ಕರೆ ಕಡ ತಂದದ್ದು ಆ ಪಾವಿನಲ್ಲಿ. ಹಿಂದಕ್ಕೆ ಕೊಡುವಾಗ ಮನೆಯಲ್ಲಿ ಒಳ್ಳೆಯ ಪಾವಿದ್ದರೂ, ಹೋಗಿ ಅದೇ ತಗ್ಗು ಪಾವು ಇಸಿದುಕೊಂಡು ಬಾ ಎಂದು ಇವರನ್ನು ಕಳಿಸುತ್ತಿದ್ದರು.

"ಅಳೆದ ಪಾವಿನಲ್ಲೇ ಅಳೀಬೇಕು ಮೇಡಂ. ಅವಳನ್ನ ಇದರಲ್ಲಿ ಅಳೆದಿದೀನಿ. ಬೇರೇದ್ರಲ್ಲಿ ಬಂದ್ರೆ ಅದು ಅವಳಲ್ಲ."

ಮೂರು ವಾರ, ಮಧ್ಯಾಹ್ನದ ಹೊತ್ತು ಗಿರಾಕಿ ಕಡಿಮೆ ಇರುವಾಗ, ನಾವಿಬ್ಬರೂ ಅದರ ಬೆನ್ನು ಹತ್ತಿದೆವು. ಯಾರೋ ಪುಣ್ಯಾತ್ಮರು ಹಳೆಯ ಯಂತ್ರಗಳಿಗೆಂದೇ ಬರೆದು ಸುಮ್ಮನೆ ಹಂಚಿದ ಒಂದು ತಂತ್ರಾಂಶ ಸಿಕ್ಕಿತು. ಅದಕ್ಕೆ ಚಂದದ ಚಿತ್ರವಿಲ್ಲ, ಗುಂಡಿಯಿಲ್ಲ. ಕಪ್ಪು ಕಿಟಕಿ, ಬಿಳಿ ಅಕ್ಷರ, ಎಲ್ಲ ಟೈಪ್ ಮಾಡಬೇಕು. ಯಂತ್ರವನ್ನು ಕಂಪ್ಯೂಟರಿಗೆ ಪರಿಚಯಿಸುವ ಹಳೆಯ ಡ್ರೈವರ್ ಕಿತ್ತು ಹೊಸದು ಹಾಕಬೇಕು. ಹಾಕಿದರೆ ಕಂಪ್ಯೂಟರು ಮರುದಿನ ತಾನಾಗಿಯೇ ಹಳೆಯದನ್ನು ತಂದು ಕೂರಿಸಿಕೊಳ್ಳುತ್ತಿತ್ತು. ಮತ್ತೆ ಕೀಳು, ಮತ್ತೆ ಹಾಕು. ನಾನು ಕಂಪ್ಯೂಟರಿನ ಹಿಂದಿನ ಏಳು ತಲೆಮಾರಿಗೂ ಬೈಯುತ್ತಿದ್ದೆ. ಅವರು ಒಂದೇ ಬೆರಳಲ್ಲಿ ಟೈಪ್ ಮಾಡಿ, ಪ್ರತಿ ಹೆಜ್ಜೆಯನ್ನೂ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಡುತ್ತಿದ್ದರು. ಮೊದಲು ವೈರ್ ಕೀಳುವುದು. ಹತ್ತು ಎಣಿಸುವುದು. ಮೇಡಂ ಬೈದು ಮುಗಿಸುವ ತನಕ ಕಾಯುವುದು. ವೈರ್ ಹಾಕುವುದು.

ಒಂದು ಗುರುವಾರ ಕಪ್ಪು ಕಿಟಕಿಯಲ್ಲಿ ಒಂದು ಉದ್ದದ ಸಂಖ್ಯೆ ಬಂತು. ಅವರು ಯಂತ್ರವನ್ನು ಮಗುವಿನ ಹಾಗೆ ಮಗುಚಿ, ಅಡಿಯಲ್ಲಿ ಕೊರೆದಿದ್ದ ಸಂಖ್ಯೆಯನ್ನು ಕನ್ನಡಕ ಏರಿಸಿ ಒಂದೊಂದಾಗಿ ಓದಿದರು. ಒಂದೇ. ಯಂತ್ರ ತನ್ನ ಹೆಸರು ಹೇಳಿತ್ತು. ಅವರ ಕಣ್ಣಲ್ಲಿ ನೀರು ಬಂತು. ಪೊರೆಯದ್ದು, ಪೊರೆಯದ್ದು ಎಂದು ಒರೆಸಿಕೊಂಡರು.

ಆದರೆ ಮುಂದಿನ ಹೆಜ್ಜೆಯಲ್ಲಿ ಅದು ನಿಂತಿತು. ಬಿಳಿ ಬಿಲ್ಲೆ ನೋಡಿ ಅಳತೆ ಸರಿಬರುತ್ತಿಲ್ಲ ಎಂದು ಮತ್ತೆ ಮತ್ತೆ ಹೇಳಿತು. ಹಳೆಯ ಸಾಫ್ಟ್‌ವೇರ್ ಯಾವತ್ತೂ ಹಾಗೆ ಹೇಳಿರಲಿಲ್ಲವಂತೆ. ಮರುದಿನ ಅವರಿಗೆ ಒಂದು ಕಣ್ಣಿನ ಆಪರೇಷನ್. ಯಂತ್ರ ನನ್ನ ಹತ್ತಿರವೇ ಬಿಟ್ಟು ಹೊರಟವರು, ಬಾಗಿಲಿಂದ ತಿರುಗಿ, ಆ ಬಿಳಿ ಬಿಲ್ಲೆ ಮಾತ್ರ ಮುಟ್ಟಬೇಡಿ ಮೇಡಂ ಎಂದರು. ಬೆರಳಿನ ಜಿಡ್ಡು ತಾಗೀತು ಎಂದು ಹೇಳುತ್ತಿದ್ದಾರೆ ಅಂದುಕೊಂಡೆ.

ಶನಿವಾರ ನಾನೊಬ್ಬಳೇ ಕೂತು ಆ ಸಮಸ್ಯೆಯ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಓದಿದೆ. ಬಿಲ್ಲೆ ಕೊಳೆಯಾಗಿದ್ದರೆ ಹೀಗಾಗುತ್ತದೆ ಎಂದು ಬರೆದಿದ್ದರು. ತೆಗೆದು ನೋಡಿದರೆ ಒಂದು ಅಂಚಿನಿಂದ ನಡುವಿನ ತನಕ ನಸುಹಳದಿ ಕಲೆ. ನನ್ನ ಕೈ ಸುಮ್ಮನಿದ್ದೀತೇ? ಬರಿಗೈಲಿ ಮುಟ್ಟಲಿಲ್ಲ, ಅಷ್ಟು ಮರ್ಯಾದೆ ಇಟ್ಟುಕೊಂಡೆ. ಹತ್ತಿಗೆ ಸ್ಪಿರಿಟ್ ಹಚ್ಚಿ, ಒಂದು ಸಲ, ಎರಡು ಸಲ, ಐದು ಸಲ. ಬಿಲ್ಲೆ ಹಾಲಿನಂತಾಯಿತು. ಯಂತ್ರ ಒಂದೇ ಸಲಕ್ಕೆ ಒಪ್ಪಿಕೊಂಡಿತು. ಆ ದಿನವೆಲ್ಲ ಕೂತು ಹಾಳೆಯ ಚೌಕಗಳನ್ನೆಲ್ಲ ಅಳೆದು, ಪ್ರೊಫೈಲ್ ಮಾಡಿ, ಆಸ್ಪತ್ರೆಯಿಂದ ಮನೆಗೆ ಬಂದಿದ್ದವರಿಗೆ ಫೋನ್ ಮಾಡಿ, ಸಾರ್, ನಿಮ್ಮ ಮಷೀನ್ ಎದ್ದು ಕೂತಿದೆ ಎಂದು ಜಂಬ ಕೊಚ್ಚಿಕೊಂಡೆ.

ನಾಲ್ಕು ದಿನ ಬಿಟ್ಟು ಬಂದರು, ಕಪ್ಪು ಕನ್ನಡಕ ಹಾಕಿಕೊಂಡು. ಬಂದವರೇ ಪೀಠ ತೆರೆದು ಬಿಲ್ಲೆ ನೋಡಿದರು. ತುಂಬ ಹೊತ್ತು ನೋಡಿದರು. ಹೊಸ ಕಣ್ಣಲ್ಲವಾ, ನೋಡಿಕೊಳ್ಳಲಿ ಎಂದು ನಾನು ಕೌಂಟರ್ ಒರೆಸುತ್ತಿದ್ದೆ.

"ಚೆನ್ನಾಗಿ ಒರೆಸಿದೀರಿ ಮೇಡಂ" ಎಂದರು.

ಅವರಾಕೆಯ ಹಳೆಯದೊಂದು ಫೋಟೊವನ್ನು ಕಂಪ್ಯೂಟರಿಗೆ ಹಾಕಿ, ನೋಟ್‌ಬುಕ್ಕಿನ ಮೂರು ಅಂಕಿಗೆ ಮುಖವನ್ನೂ ಕೈಯನ್ನೂ ಹೊಂದಿಸಿ ಪ್ರಿಂಟ್ ತೆಗೆದೆವು. ಅವರು ಅದನ್ನು ಬಾಗಿಲಿಗೆ ಒಯ್ದು, ಕಪ್ಪು ಕನ್ನಡಕ ತೆಗೆದು, ಬಿಸಿಲಿಗೆ ಹಿಡಿದರು. ಒಂದು ಚೂರು ಬೆಳ್ಳಗಾದಳು ಅಲ್ಲವಾ ಎಂದರು, ನನಗೋ ತಮಗೋ ಗೊತ್ತಾಗಲಿಲ್ಲ. ನನಗೆ ಸಿಟ್ಟು ಬಂತು. ಮೂರು ವಾರದ ಕೆಲಸ! ಮಷೀನು ಹೇಳಿದ್ದೇ ಸತ್ಯ, ಕಣ್ಣನ್ನು ನಂಬಬಾರದು ಅಂತ ನೀವೇ ತಾನೇ ಹೇಳಿದ್ದು ಎಂದುಬಿಟ್ಟೆ. ಹೌದು ಹೌದು, ನಾನೇ ಹೇಳಿದ್ದು ಎಂದು ಅವರು ನಕ್ಕು, ಪ್ರಿಂಟನ್ನು ಪೇಪರಿನೊಳಗೆ ಸುತ್ತಿ ತೆಗೆದುಕೊಂಡು ಹೋದರು. ಮನೆಯಲ್ಲಿ ಹಳೆಯ ಫೋಟೊ ತೆಗೆದು ಇದನ್ನೇ ಹಾಕಿದರು ಎಂದು ಆಮೇಲೆ ಗೊತ್ತಾಯಿತು.

ಎರಡು ವಾರದ ಮೇಲೆ ಒಂದು ಶನಿವಾರ ಸಂಜೆ ಬಂದರು. ಅಂಗಡಿಯಲ್ಲಿ ಮದುವೆ ಆಲ್ಬಮ್ಮಿನ ಗಿರಾಕಿಗಳು, ಗಂಡಿನ ಕಡೆಯವರು ಬೇರೆ, ಹೆಣ್ಣಿನ ಕಡೆಯವರು ಬೇರೆ, ಗಲಾಟೆ. ಅವರು ಕಾದು ಕಾದು, ಕೊನೆಗೆ ಕೌಂಟರಿನ ಹತ್ತಿರ ಬಂದು ಬಲಗೈಯ ಗುಂಡಿ ಬಿಚ್ಚಿ ತೋಳು ಮೇಲೆ ಸರಿಸಿದರು.

"ಒಂದ್ಸಲ ನನ್ನ ಕೈ ಅಳೀತೀರಾ ಮೇಡಂ? ನಂಗೆ ಕೈ ನಡುಗುತ್ತೆ, ಸರಿಯಾಗಿ ಹಿಡಿಯೋಕಾಗಲ್ಲ."

ನಾನು ತಲೆ ಎತ್ತದೆ, ನಾಳೆ ಬನ್ನಿ ಸಾರ್, ಆರಾಮಾಗಿ ಮಾಡೋಣ ಎಂದೆ. ಆಗಲಿ, ಅವಸರ ಏನಿಲ್ಲ ಎಂದು ಗುಂಡಿ ಹಾಕಿಕೊಂಡು ಹೋದರು. ನಾಳೆ ಭಾನುವಾರ, ಅಂಗಡಿಗೆ ರಜ ಎನ್ನುವುದು ನನಗೆ ಹೊಳೆಯಲೇ ಇಲ್ಲ.

ಸೋಮವಾರ ಶಟರ್ ಎತ್ತುವಾಗ ಪಕ್ಕದ ಹೂವಿನಾಕೆ, ನಿನ್ನೆ ಆ ಪೇಪರ್ ಅಂಕಲ್ ಬಂದು ಅರ್ಧ ಗಂಟೆ ನಿಂತಿದ್ದರು ಅಕ್ಕ ಎಂದಳು. ಫೋನ್ ಮಾಡೋಣ ಅಂದುಕೊಂಡು ಮೊಬೈಲು ತೆಗೆದರೆ ಅವರ ಮಗಳದ್ದೇ ಕರೆ ಬಂತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಿಟಕಿಗೆ ಹೋದವರು ಅಲ್ಲೇ ಕುಸಿದಿದ್ದರು. ಮಧ್ಯಾಹ್ನಕ್ಕೆ ಬನಶಂಕರಿಯ ಚಿತಾಗಾರದಲ್ಲಿ ಎಲ್ಲ ಮುಗಿಯಿತು.

ವಾರದ ಮೇಲೆ ಮಗಳು ಅಂಗಡಿಗೆ ಬಂದಳು. ಕೋಣನಕುಂಟೆಯ ಒಂದು ಶಾಲೆಯಲ್ಲಿ ಟೀಚರು, ಅಪ್ಪನ ಹಾಗೆಯೇ ಮೆತ್ತಗಿನ ಮಾತು. ವೈಕುಂಠ ಸಮಾರಾಧನೆಗೆ ಅಪ್ಪನ ಫೋಟೊ ಬೇಕು, ಅಮ್ಮನದ್ದೇ ಅಳತೆ, ಬಣ್ಣ ಅವರದ್ದೇ ಇರಲಿ ಆಂಟಿ ಎಂದು ಹೇಳಿ, ಬೇಕಾದರೆ ನೋಡಿ ಎಂದು ಆ ನೋಟ್‌ಬುಕ್ಕನ್ನೂ ಕೊಟ್ಟು ಹೋದಳು.

ಅವಳು ಹೋದ ಮೇಲೆ ತೆರೆದೆ. ಅವತ್ತು ಅವರ ಅಂಗೈಯೂ ಹೆಬ್ಬೆಟ್ಟೂ ಮುಚ್ಚಿದ್ದ ಪುಟ. ಮೇಲೆ ಹೀಗಿತ್ತು: ಆಯುಧಪೂಜೆ. ಸ್ಕೂಟರು, ಮಿಕ್ಸಿ ಆದ ಮೇಲೆ ಅವಳು ಈ ಯಂತ್ರಕ್ಕೂ ಅರಿಶಿನ ಕುಂಕುಮ ಇಟ್ಟಳು. ಬಿಳಿ ಬಿಲ್ಲೆಗೆ. ಬೆಳ್ಳಗಿದೆ, ಇದೇ ಹಣೆ ಅಂದುಕೊಂಡಳಂತೆ. ಕುಂಕುಮ ಹೋಯಿತು, ಅರಿಶಿನ ಉಳಿಯಿತು. ಇರಲಿ. ಅದರ ಕೆಳಗೆ ಅವರಾಕೆಯ ಮೂರು ಅಂಕಿ. ಅದರ ಕೆಳಗೆ, ನಾನು ಎಂದು ಬರೆದು, ಇನ್ನೂ ಮೂರು ಅಂಕಿ. ಅದೇ ಸಂಜೆ ತಮ್ಮ ಕೈಯನ್ನೂ ಅಳೆದಿದ್ದರು.

ನನಗೆ ಆಗ ಹೊಳೆಯಿತು. ಯಂತ್ರ ಆ ಅರಿಶಿನವನ್ನೇ ಬಿಳಿ ಎಂದು ತಿಳಿದು, ಎದುರಿಗೆ ಬಂದ ಬಣ್ಣದಲ್ಲೆಲ್ಲ ಅಷ್ಟು ಹಳದಿಯನ್ನು ಕಳೆದೇ ಲೆಕ್ಕ ಹೇಳಿತ್ತು. ಅದು ತಗ್ಗು ಪಾವು. ನಾನು ತಗ್ಗನ್ನು ಬಡಿದು ನೇರ ಮಾಡಿಬಿಟ್ಟಿದ್ದೆ. ಆಕೆಯ ಮುಖದಲ್ಲಿ ಆ ದಿನ ಕಡಿಮೆಯಾಗಿದ್ದದ್ದು ಆಕೆಯೇ ಬೆರಳಲ್ಲಿ ಇಟ್ಟ ಅರಿಶಿನ.

ಕೊನೆಯ ಪುಟದಲ್ಲಿ, ನಡುಗುವ ಅಕ್ಷರದಲ್ಲಿ, ಎರಡೇ ಸಾಲು. ನನ್ನ ಕೈ ಮತ್ತೆ ಅಳೆಸಿದರೆ ಹಿಂದಿನದಕ್ಕೂ ಈಗಿನದಕ್ಕೂ ವ್ಯತ್ಯಾಸ ಎಷ್ಟೆಂದು ತಿಳಿಯುತ್ತದೆ. ಅಷ್ಟನ್ನು ಅವಳಿಗೆ ಸೇರಿಸಿದರೆ ಅವಳು ಬರುತ್ತಾಳೆ.

ಎರಡು ನಿಮಿಷದ ಕೆಲಸ. ಕೈ ಕೌಂಟರ್ ಮೇಲಿತ್ತು, ಗುಂಡಿ ಬಿಚ್ಚಿತ್ತು. ನಾನು ನಾಳೆ ಎಂದೆ. ಕೈಗೆ ಬಂದ ತುತ್ತನ್ನು ಅವರ ಬಾಯಿಗೆ ಹೋಗಗೊಡದವಳು ನಾನು. ಆ ಕೈ ಈಗ ಯಾವ ಯಂತ್ರಕ್ಕೂ ಸಿಗುವುದಿಲ್ಲ.

ಅವರ ಫೋಟೊ ಮಾಡುವುದಕ್ಕೆ ಎರಡು ದಿನ ಹಿಡಿಯಿತು. ನೆನಪಿನಿಂದ ಅವರ ನಿಜವಾದ ಬಣ್ಣಕ್ಕೇ ತರಬಹುದಿತ್ತು, ಮಗಳು ಕೇಳಿದ್ದೂ ಅದನ್ನೇ. ಆದರೆ ಗೋಡೆಯ ಮೇಲೆ ಆಕೆ ಒಂದು ಪಾವಿನಲ್ಲಿ, ಇವರು ಇನ್ನೊಂದರಲ್ಲಿ ಆಗುತ್ತಿದ್ದರು. ಕೊನೆಗೆ ನೋಟ್‌ಬುಕ್ಕಿನ ಎರಡನೇ ಸಾಲಿನ ಅಂಕಿಗೇ ಪ್ರಿಂಟ್ ಹಾಕಿದೆ. ತಪ್ಪು ಎಂದು ಗೊತ್ತಿದ್ದೇ ಹಾಕಿದೆ. ಆಕೆಗೆ ಎಷ್ಟು ಕಡಿಮೆಯೋ ಇವರಿಗೂ ಅಷ್ಟೇ ಕಡಿಮೆ.

ಸಮಾರಾಧನೆಯ ದಿನ ಎರಡು ಫೋಟೊವನ್ನೂ ಅಕ್ಕಪಕ್ಕ ಇಟ್ಟಿದ್ದರು. ಅಪ್ಪ ಇನ್ನೂ ಸ್ವಲ್ಪ ಕಪ್ಪಿದ್ದರಲ್ಲವಾ ಆಂಟಿ ಎಂದು ಮಗಳು ಕೇಳಿದಳು. ಹೌದಮ್ಮ, ನಿಮ್ಮಮ್ಮನೂ ಎಂದೆ. ಆಮೇಲೆ ತಡೆದುಕೊಳ್ಳುವುದಕ್ಕಾಗದೆ, ಬಿಲ್ಲೆ ಒರೆಸಿದ್ದು ನಾನೇ, ನನಗೆ ಗೊತ್ತಿರಲಿಲ್ಲ ಎಂದು ಹೇಳಿಬಿಟ್ಟೆ.

ಅವಳು ನನ್ನ ಕೈ ಹಿಡಿದುಕೊಂಡಳು.

"ಗೊತ್ತು ಆಂಟಿ. ಅವತ್ತು ನಿಮ್ಮಂಗಡಿಯಿಂದ ಬಂದವರೇ ಅಪ್ಪ ಹೇಳಿದ್ರು. ನಾನು ಬೇಜಾರ್ ಮಾಡ್ಕೊಂಡೆ. ಅಪ್ಪ ನಕ್ಕುಬಿಟ್ರು. ಅವರಿಗೆ ಮಾತ್ರ ಹೇಳ್ಬೇಡ ಕಣೇ, ಒರೆಸೋದೇ ಬಿಟ್ಟುಬಿಡ್ತಾರೆ ಅಂದ್ರು."

ಎಲೆ ಹಾಕಿ ಬಡಿಸುತ್ತಿದ್ದರು. ನಾನು ಎಲೆಯ ಮುಂದೆ ಕೂತು, ಗುರುತು ಪರಿಚಯವಿಲ್ಲದ ಅಷ್ಟು ಜನರ ನಡುವೆ, ಜೋರಾಗಿ ಅತ್ತುಬಿಟ್ಟೆ.